ಆನಿಕೆ

ನೀರಿನಲ್ಲಿ ಇದಕ್ಕೆ ಏನೂ ಆಗುವುದಿಲ್ಲ,
ಎಂದ ಇನಾಸ, ಮೋಟಾರಿನ ನೆತ್ತಿ ತಟ್ಟಿ.
ಕೆಡುವುದೆಲ್ಲ ರಸ್ತೆಯಲ್ಲಿ.

ಶಿವಮೊಗ್ಗ, ಆಟೋ ಕಾಂಪ್ಲೆಕ್ಸಿನ ಕೊನೆಯ ಶೆಡ್ಡು.
ಟ್ರೇಲರಿನ ಮೇಲೆ ಮೀನುಗಾರರ ಸೊಸೈಟಿಯ ದೋಣಿ,
ಅದರ ಹಿಂಬದಿಯ ಹಲಗೆ ಕಚ್ಚಿಕೊಂಡು
ಇಪ್ಪತ್ತೈದು ಕುದುರೆಯ ಮೋಟಾರು.
ಕುದುರೆ ಅನ್ನುವುದು ಹೆಸರಿಗೆ,
ತೂಕ ಮಾತ್ರ ಮಲಗಿದ ಎಮ್ಮೆಕರುವಿನದು.

ಇಳಿಬಿಟ್ಟರೆ ಫ್ಯಾನು ಡಾಂಬರಿಗೆ ಉಜ್ಜುತ್ತದೆ.
ಪೂರ್ತಿ ಎತ್ತಿ ಕೊಂಡಿ ಹಾಕಿದರೆ
ಆ ಕೊಂಡಿ, ಹೆಬ್ಬೆರಳಿನಷ್ಟು ಕೊಂಡಿ,
ಗುಂಡಿ ಗುಂಡಿಗೂ ಅಷ್ಟೂ ಭಾರ ಹೊಸದಾಗಿ ಹಿಡಿಯಬೇಕು.
ದಡದಲ್ಲಿ ನಿಂತಾಗ ಹಾಕಲಿಕ್ಕೆ ಕೊಟ್ಟದ್ದು ಅದು,
ಸಾಗರ ಮುಟ್ಟಿಸಲಿಕ್ಕೆ ಅಲ್ಲ.

ನನಗೆ ಹೇಳಬೇಕಾಗಿರಲಿಲ್ಲ.
ಹೋದ ವರ್ಷ ಎಳೆದುಕೊಂಡು ಹೋದವನು ನಾನೇ.
ಕುಂಸಿಯ ಹಂಪು ಕತ್ತಲಲ್ಲಿ ಕಾಣಲಿಲ್ಲ ಅಂದೆ ಎಲ್ಲರಿಗೂ.
ಕಂಡಿತ್ತು.
ಹಾಡು ಬದಲಿಸುತ್ತಿದ್ದೆ.

ಮೋಟಾರು ಒಂದು ಸಲ ಹಾರಿ ಕೂತಿತು, ಅಷ್ಟೆ,
ಬಿಕ್ಕಳಿಕೆ ಬಂದವರ ಹಾಗೆ.
ಹಲಗೆಯಲ್ಲಿ ಕೂದಲಷ್ಟು ಗೆರೆ.
ಹದಿನೆಂಟು ದಿನ ಬಿಟ್ಟು, ಹಿನ್ನೀರಿನ ನಡುವೆ,
ಭರಮಣ್ಣನ ಪಾದ ಒದ್ದೆಯಾಯಿತು, ಆಮೇಲೆ ಮೀನಖಂಡ.
ಬುತ್ತಿಯ ಡಬ್ಬಿ ಬರಿದು ಮಾಡಿ
ದಡ ಸಿಗುವ ತನಕ ನೀರು ಮೊಗೆದನಂತೆ.
ಅನ್ನ ಮೀನಿಗೆ ಹೋಯ್ತು ಮಾರಾಯ,
ಹಳೇ ಸಾಲ ತೀರಿತು, ಅಂತ ನಕ್ಕ.
ನಾನೂ ನಕ್ಕೆ.

ಇನಾಸ ಒಳಗಿಂದ ತಂದದ್ದು ಒಂದು ಕಟ್ಟಿಗೆ.
ಮತ್ತಿಯದ್ದು, ತೋಳುದ್ದ, ಒಂದು ತುದಿ ಕವೆ.
ಎತ್ತು ಬಿಚ್ಚಿದ ಮೇಲೆ
ಗಾಡಿಯ ಮೂಕಿ ನೆಲಕ್ಕೆ ಬೀಳದ ಹಾಗೆ
ಕೊಡುತ್ತಿದ್ದರಲ್ಲ, ಆ ಆನಿಕೆ.
ಗಾಡಿ ಯಾರದೋ, ಎತ್ತು ಯಾವ ಕಾಲದ್ದೋ,
ಗುಜರಿಯಲ್ಲಿ ನಲವತ್ತು ರೂಪಾಯಿ.
ಕವೆಗೆ ಸೈಕಲ್ ಟ್ಯೂಬು ಸುತ್ತಿ ಮೋಟಾರಿನ ಕಾಲಿಗೆ ಕೊಟ್ಟ,
ಇನ್ನೊಂದು ತುದಿ ಟ್ರೇಲರಿನ ಕಬ್ಬಿಣಕ್ಕೆ.
ಹಗ್ಗ ಬಿಗಿದು, ತಂತಿಯ ಹಾಗೆ ಮೀಟಿ,
ಕಿವಿ ಕೊಟ್ಟು ಕೇಳಿದ.
ಫ್ಯಾನಿಗೆ ಗೊಬ್ಬರದ ಚೀಲ, ಚೀಲಕ್ಕೆ ಕೆಂಪು ಬಟ್ಟೆ.
ಇನ್ನು ಗುಂಡಿ ಬಂದರೆ ಚಕ್ರಕ್ಕೆ ಗೊತ್ತಾಗಲಿ, ಎಂದ,
ಹಲಗೆಗೆ ಯಾಕೆ?

ಆಯನೂರಿನಲ್ಲಿ ಚಹಾ.
ಒಬ್ಬ ಮುದುಕ ಟ್ರೇಲರಿಗೆ ಸುತ್ತು ಹಾಕಿ
ಎಷ್ಟು ಎಕರೆಗೆ ನೀರೆತ್ತುತ್ತೆ ಈ ಪಂಪು, ಅಂದ.
ಎತ್ತೋದಿಲ್ಲಜ್ಜ, ಹಿಂದಕ್ಕೆ ತಳ್ಳುತ್ತೆ.
ನೀರು ತಳ್ಳಿ ಏನು ಮಾಡ್ತೀರಿ, ಅಂದ.
ಉತ್ತರ ಹೊಳೆಯದೆ ಹಗ್ಗ ಮುಟ್ಟಿ ನೋಡಿದೆ.
ಬಿಗಿ ಇತ್ತು.

ಕುಂಸಿ.
ಹಂಪಿಗೆ ಈಗ ಬಿಳಿ ಪಟ್ಟೆ ಬಳಿದಿದ್ದಾರೆ.
ಒಂದನೇ ಗೇರು. ಹಿಂದಿನ ಬಸ್ಸಿನವನ ಹಾರನ್ನು, ಬೈಗುಳ.
ಜೀಪಿನ ಮುಂದಿನ ಚಕ್ರ, ಹಿಂದಿನದು,
ಆಮೇಲೆ ಟ್ರೇಲರು,
ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸುವ ಹಾಗೆ.
ಕನ್ನಡಿಯಲ್ಲಿ ಕೆಂಪು ಬಟ್ಟೆ ಒಮ್ಮೆ ತಲೆಯಾಡಿಸಿತು.
ದೋಣಿ, ಮೋಟಾರು, ಕಟ್ಟಿಗೆ
ಒಟ್ಟಿಗೆ ಏರಿ ಒಟ್ಟಿಗೆ ಇಳಿದವು.
ಹಾಡು ಹಾಕಿರಲಿಲ್ಲ.

ಹಿನ್ನೀರಿನ ಅಂಚಿನಲ್ಲಿ ಭರಮಣ್ಣ ಲುಂಗಿ ಎತ್ತಿ ಕಟ್ಟಿ ನಿಂತಿದ್ದ.
ನೀರಿಗೆ ಬಿಡುವ ಮೊದಲು ಹಗ್ಗ ಬಿಚ್ಚಿದೆ.
ಕಟ್ಟಿಗೆ ಎಳೆಯುವಾಗ ಅಷ್ಟೂ ಭಾರ
ಒಂದು ಗಳಿಗೆ ನನ್ನ ಹೆಗಲಿಗೆ ಬಂತು.
ಇಷ್ಟನ್ನು ಆ ಕೊಂಡಿ ಒಂಟಿಯಾಗಿ
ಶಿವಮೊಗ್ಗದಿಂದ ಹಿಡಿದು ತಂದಿತ್ತು, ನಾನು ಹಾಡು ಹುಡುಕುವಾಗ.

ಭರಮಣ್ಣ, ಅಂದೆ. ಹೋದ ವರ್ಷ ಆ ಹಂಪು ನನಗೆ ಕಂಡಿತ್ತು.

ಅವನು ಟ್ಯೂಬು ಸುತ್ತಿದ ಕವೆಯನ್ನು ತಿರುಗಿಸಿ ನೋಡುತ್ತಿದ್ದ.
ನೀನು ಇಲ್ಲಿ ಮುಟ್ಟಿದ್ದು ಮಟಮಟ ಮಧ್ಯಾಹ್ನ, ಅಂದ.
ಕುಂಸಿಯಲ್ಲಿ ಎಲ್ಲಿಂದ ಬರಬೇಕು ಕತ್ತಲೆ?
ದೋಣಿ ತಳ್ಳು ಈಗ.

ಮೋಟಾರು ಮೂರನೇ ಎಳೆತಕ್ಕೆ ಹತ್ತಿತು.
ಮುದುಕನಿಗೆ ಹೇಳಬೇಕಿತ್ತು ಅನ್ನಿಸಿತು,
ನೀರನ್ನು ತಳ್ಳಿ ಏನು ಮಾಡುತ್ತೇವೆ ಅಂತ.
ಕಟ್ಟಿಗೆ ಒರೆಸಿ ಸೀಟಿನ ಕೆಳಗೆ ಇಟ್ಟೆ.